ಫಾರ್ವರ್ಡ್ ಮಾಡಿದ ಕೈ ಯಾರದು?

ಗಂಡಸಿ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದ ಹೊಸಬರನ್ನು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಯಾವೂರಾಯ್ತು?’ ಊರಿನ ಹೆಸರು ಹೇಳಿದರೆ ಮುಂದಿನ ಪ್ರಶ್ನೆ, ‘ಯಾರ ಮನೆಯವರು?’ ಅರಸೀಕೆರೆ, ತಿಪಟೂರು, ಹಾಸನ, ಚನ್ನರಾಯಪಟ್ಟಣದ ದಾರಿಗಳು ಕೂಡುವ ಜಾಗ ಇದು. ತೆಂಗು, ರಾಗಿ ನೆಚ್ಚಿಕೊಂಡ ಹೋಬಳಿ. ಎರಡು ಮಾತು ಮುಗಿಯುವಷ್ಟರಲ್ಲಿ ಇಬ್ಬರಿಗೂ ಬೇಕಾದ ಒಬ್ಬ ಸೋದರಮಾವನೋ, ಬೀಗರೋ, ಜೊತೆಯಲ್ಲಿ ಓದಿದವರೋ ಸಿಕ್ಕಿಬಿಡುತ್ತಾರೆ. ಆಮೇಲೆ ಬಂದವರು ಹೊಸಬರಲ್ಲ. ಕಾಫಿಯ ದುಡ್ಡು ಅವರು ಕೊಡುವಂತಿಲ್ಲ.

2024ರ ಏಪ್ರಿಲ್‌ನಲ್ಲಿ ಹಾಸನ ಜಿಲ್ಲೆಯ ಉದ್ದಗಲಕ್ಕೂ ಇವೇ ಎರಡು ಪ್ರಶ್ನೆಗಳು ಬೇರೊಂದು ಕೆಲಸಕ್ಕೆ ಬಳಕೆಯಾದವು. ಏಪ್ರಿಲ್ 26ರಂದು ಲೋಕಸಭೆಗೆ ಮತದಾನ. ಅದಕ್ಕೆ ಕೆಲವೇ ದಿನ ಇರುವಾಗ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ಅವುಗಳಲ್ಲಿದ್ದದ್ದು ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ್ದೆಂದು ಹೇಳಲಾದ ಲೈಂಗಿಕ ದೌರ್ಜನ್ಯದ ದೃಶ್ಯಗಳು. ಪೆನ್‌ಡ್ರೈವ್‌ನಿಂದ ಮೊಬೈಲಿಗೆ, ಮೊಬೈಲಿನಿಂದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಅವು ಇಳಿದವು. ಹೆಣ್ಣುಮಕ್ಕಳ ಮುಖವನ್ನು ಯಾರೂ ಮಸುಕು ಮಾಡಿರಲಿಲ್ಲ. ನೋಡಿದವರು ಕೇಳಿದ್ದು: ‘ಇವಳು ಯಾವೂರು? ಯಾರ ಮನೆಯವಳು?’

ಅಪರಿಚಿತರನ್ನು ನೆಂಟರಾಗಿಸುತ್ತಿದ್ದ ಪ್ರಶ್ನೆ, ಪರಿಚಿತರನ್ನೇ ಬೇಟೆಯಾಡುವ ಪ್ರಶ್ನೆಯಾಯಿತು. ಕೆಲವು ಮಹಿಳೆಯರು ಮನೆಗೆ ಬೀಗ ಹಾಕಿ ಊರು ಬಿಟ್ಟರೆಂದು ಪತ್ರಿಕೆಗಳು ಬರೆದವು. ಅಪರಾಧ ಮಾಡಿದವರ ವಿಚಾರಣೆಗೆ ಪೊಲೀಸರಿದ್ದರು, ನ್ಯಾಯಾಲಯವಿತ್ತು. ಆದರೆ ಆ ಮುಖಗಳನ್ನು ಊರೂರಿಗೆ ತಲುಪಿಸಿದ ನಮ್ಮ ವಿಚಾರಣೆ ಆಗಲೇ ಇಲ್ಲ. ಈ ಬರಹ ಅದರ ಬಗ್ಗೆ.

ಹೆಸರು ಮುಚ್ಚಿಕೊಂಡವರಲ್ಲ

ಫೋನಿನೊಳಗೆ ಜನ ಏಕೆ ಅಷ್ಟು ಕ್ರೂರವಾಗಿರುತ್ತಾರೆ ಎಂದು ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: ಅಲ್ಲಿ ಯಾರು ಯಾರೆಂದು ಗೊತ್ತಾಗುವುದಿಲ್ಲ, ನಕಲಿ ಹೆಸರಿನ ಹಿಂದೆ ಕೂತು ಕಲ್ಲು ಹೊಡೆಯುತ್ತಾರೆ ಎಂಬುದು. ಇದರಲ್ಲಿ ಸತ್ಯವಿದೆ. 2025ರ ಜುಲೈನಲ್ಲಿ ನಟಿ, ಮಂಡ್ಯದ ಮಾಜಿ ಸಂಸದೆ ರಮ್ಯಾ ಅವರು ಕೊಲೆ ಪ್ರಕರಣವೊಂದರ ಆರೋಪಿಯಾದ ನಟ ದರ್ಶನ್ ಅವರ ಜಾಮೀನಿನ ಕುರಿತ ಸುಪ್ರೀಂ ಕೋರ್ಟ್ ವಿಚಾರಣೆಯ ಸುದ್ದಿಯನ್ನು ಹಂಚಿಕೊಂಡು, ಕೊಲೆಯಾದ ರೇಣುಕಸ್ವಾಮಿಯ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದದ್ದಕ್ಕೆ ಅಶ್ಲೀಲ ಸಂದೇಶಗಳ ಮಳೆಯೇ ಸುರಿಯಿತು. ಅವರು 43 ಖಾತೆಗಳ ವಿರುದ್ಧ ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಪೊಲೀಸರು ಒಬ್ಬೊಬ್ಬರನ್ನೇ ಹುಡುಕಿ ಬಂಧಿಸಿದಾಗ ಖಾತೆಗಳ ಹಿಂದೆ ಸಿಕ್ಕವರು ನಮ್ಮ ನಡುವೆಯೇ ಓಡಾಡುವ ಹುಡುಗರು.

ಆದರೆ ಹಾಸನದಲ್ಲಿ ನಡೆದದ್ದನ್ನು ಈ ಉತ್ತರ ವಿವರಿಸುವುದಿಲ್ಲ. ಹಳ್ಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಖವಾಡ ಎಲ್ಲಿದೆ? ಹತ್ತಂಕಿಯ ನಂಬರು ಎಲ್ಲರಿಗೂ ಕಾಣುತ್ತದೆ. ಡಿಪಿಯಲ್ಲಿ ಮಗಳ ಹುಟ್ಟುಹಬ್ಬದ ಫೋಟೊ, ಇಲ್ಲವೇ ಜೇನುಕಲ್ಲು ಸಿದ್ದೇಶ್ವರ ಬೆಟ್ಟಕ್ಕೆ ಹೋದಾಗ ತೆಗೆಸಿಕೊಂಡದ್ದು. ಗುಂಪಿನ ಪಟ್ಟಿಯೋ, ಹೋಬಳಿಯ ಬದುಕಿನ ಪಟ್ಟಿಯೇ ಆಗಿರುತ್ತದೆ: ಡೇರಿಯದು ಒಂದು, ಎಸ್ಸೆಸ್ಸೆಲ್ಸಿ ಬ್ಯಾಚಿನದು ಒಂದು, ಕುಲಬಾಂಧವರದು, ಪಕ್ಷದ ಬೂತ್‌ನದು, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯದು, ಕೊಬ್ಬರಿ ರೇಟಿನದು ಇನ್ನೊಂದು. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ತಿಪಟೂರು ಮಾರುಕಟ್ಟೆಯ ಕ್ವಿಂಟಲ್ ಬೆಲೆ, ಸಂಜೆ ತ್ರೀಫೇಸ್ ಕರೆಂಟು ಎಷ್ಟು ಹೊತ್ತಿಗೆ ಎಂಬ ವಿಚಾರಣೆ, ನಡುವೆ ಯಾರದೋ ಸಾವಿನ ಸುದ್ದಿ, ಅದರ ಕೆಳಗೆ ಸಾಲಾಗಿ ‘ಓಂ ಶಾಂತಿ’.

ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ವಿಡಿಯೊ ಹಾಕಿದವನ ಅಪ್ಪನ ಹೆಸರೂ ಗೊತ್ತು, ತೋಟದ ಗಡಿಯೂ ಗೊತ್ತು. ಹಾಗಿದ್ದೂ ಅವನು ಹಾಕಿದ. ಉಳಿದವರು ನೋಡಿದರು, ಇನ್ನೊಂದು ಗುಂಪಿಗೆ ದಾಟಿಸಿದರು. ಗುರುತು ಬಯಲಾಗಿದ್ದರೆ ಜನ ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆ ಎಂಬ ನಂಬಿಕೆ ಆ ಏಪ್ರಿಲ್‌ನಲ್ಲಿ ನಮ್ಮ ಕಣ್ಣೆದುರೇ ಕುಸಿಯಿತು.

ಕಾರಣ ಹುಡುಕುವುದು ಕಷ್ಟವಲ್ಲ. ಆ ದಿನಗಳಲ್ಲಿ ಕಳಿಸುವವನಿಗೂ ನೋಡುವವನಿಗೂ ಹೆಸರಿತ್ತು. ಹೆಸರಿಲ್ಲದೇ ಹೋದದ್ದು ದೃಶ್ಯದಲ್ಲಿದ್ದ ಹೆಂಗಸಿಗೆ. ಒಂದು ಪಕ್ಷದವರಿಗೆ ಅವಳು ಚುನಾವಣೆಯ ಅಸ್ತ್ರವಾದಳು, ಇನ್ನೊಂದು ಪಕ್ಷದವರಿಗೆ ತಮ್ಮ ವಿರುದ್ಧದ ಪಿತೂರಿಯ ಭಾಗವಾದಳು. ಪೆನ್‌ಡ್ರೈವ್ ಹೊರಬಿಟ್ಟವರು ಯಾರು ಎಂಬ ಜಗಳ ತಿಂಗಳುಗಟ್ಟಲೆ ನಡೆಯಿತು. ಅವಳು ಯಾರ ಮನೆಯವಳು ಎಂದು ಕೇಳಿದವರು ಸಾವಿರಾರು ಮಂದಿ. ಅವಳು ಹೇಗಿದ್ದಾಳೆ ಎಂದು ಕೇಳಿದವರು ಬಹಳ ಕಡಿಮೆ.

‘ನಾನು ಮಾಡಿದ್ದಲ್ಲ, ನನಗೆ ಬಂದದ್ದು’

ಹೀಗೆ ದಾಟಿಸಿದವರನ್ನು ಕೇಳಿದರೆ ಸಿಗುವ ಸಮಜಾಯಿಷಿ ಒಂದೇ. ‘ನಾನು ಮಾಡಿದ್ದಲ್ಲ, ನನಗೆ ಬಂದದ್ದು. ಬಂದದ್ದನ್ನು ಕಳಿಸಿದೆ.’ ಗುಂಪಿನಲ್ಲಿ ಗೋವಿಂದ ಎಂದಷ್ಟೇ. ಎಲ್ಲರೂ ಮಾಡಿದ್ದನ್ನು ಯಾರೂ ಮಾಡಿದಂತಾಗುವುದಿಲ್ಲ ಎಂಬ ಸಮಾಧಾನ.

ಈ ಸಮಾಧಾನ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಕರ್ನಾಟಕ ಅದಕ್ಕೂ ಮೊದಲೇ ನೋಡಿತ್ತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಸ್ನೇಹಿತರೊಂದಿಗೆ ಬಂದಿದ್ದ ಅವರ ತಂಡ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಆ ತಿಂಗಳುಗಳಲ್ಲಿ ದೇಶವಿಡೀ ಹಬ್ಬಿತ್ತು. ಅವರ ಕಾರಿನ ವಿಡಿಯೊ ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತು. ಕಾರು ಮುರ್ಕಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ರಸ್ತೆಯನ್ನು ಅಡ್ಡಗಟ್ಟಿಯಾಗಿತ್ತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ಆ ಗುಂಪಿನ ಅಡ್ಮಿನ್ ಕೂಡ ಇದ್ದರು. ಒಂದು ಬೆರಳು ‘ಸೆಂಡ್’ ಒತ್ತಿದ್ದಕ್ಕೂ ಒಂದು ಜೀವ ಹೋದದ್ದಕ್ಕೂ ನಡುವೆ ಇದ್ದದ್ದು ಕೆಲವೇ ಕಿಲೋಮೀಟರ್.

ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ಹಾಕಿತು. 2020ರಲ್ಲಿ, ಹಲವು ಬಾರಿ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಇನ್ನೂ ಬಿಗಿ ಮಾಡಿತು. ಅಂಥ ಸಂದೇಶದ ನೆತ್ತಿಯ ಮೇಲೆ ಎರಡು ಬಾಣದ ಗುರುತು ಕಾಣುತ್ತದೆ. ಆದರೆ ಗುಂಪಿಗೆ 256 ಇದ್ದ ಸದಸ್ಯರ ಮಿತಿ 2022ರಲ್ಲಿ 1024ಕ್ಕೆ ಏರಿತು. ಐದು ದೊಡ್ಡ ಗುಂಪುಗಳಿಗೆ ಹೋದದ್ದು ಐದು ಸಾವಿರ ಕೈಗೆ ಹೋದಂತೆ. ಸಂದೇಶ ಕಳಿಸಿದವರನ್ನೂ ಪಡೆದವರನ್ನೂ ಬಿಟ್ಟು ಬೇರೆ ಯಾರಿಗೂ, ಕಂಪನಿಗೂ, ಅದರ ಒಳಗೇನಿದೆ ಎಂದು ಕಾಣದಂತೆ 2016ರಿಂದ ಬೀಗಮುದ್ರೆ ಬಿದ್ದಿದೆ. ನಮ್ಮ ಖಾಸಗಿ ಮಾತಿಗೆ ಆ ರಕ್ಷಣೆ ಬೇಕೇ ಬೇಕು. ಅದರ ಅರ್ಥ ಇಷ್ಟೇ: ಗುಂಪಿನೊಳಗೆ ಕಾವಲು ಕಾಯುವವರು ಗುಂಪಿನವರೇ. ಹೊರಗಿನಿಂದ ಯಾರೂ ಬರುವುದಿಲ್ಲ.

ಹಳ್ಳಿಯ ಮನೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಪ್ಪನ ಫೋನು ಅಪ್ಪನೊಬ್ಬನದಲ್ಲ. ಸಂಜೆ ಮಗಳು ಹೋಂವರ್ಕಿಗೆ ತೆಗೆದುಕೊಳ್ಳುತ್ತಾಳೆ, ಅಜ್ಜಿ ಅದರಲ್ಲೇ ಧಾರಾವಾಹಿ ನೋಡುತ್ತಾರೆ, ಅಮ್ಮ ಸ್ವಸಹಾಯ ಸಂಘದ ಕಂತಿನ ಲೆಕ್ಕ ನೋಡುತ್ತಾಳೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವ ವ್ಯವಸ್ಥೆ ಚಾಲೂ ಇದ್ದರೆ ಗುಂಪಿಗೆ ಬಿದ್ದದ್ದೆಲ್ಲ ಸದ್ದಿಲ್ಲದೆ ಗ್ಯಾಲರಿಗೆ ಇಳಿಯುತ್ತದೆ. ಅಪ್ಪ ಅದನ್ನು ತೆರೆದು ನೋಡಿರದಿದ್ದರೂ ಎಂಟನೇ ತರಗತಿಯ ಹುಡುಗಿಯ ಬೆರಳಿಗೆ ಅದು ಸಿಗುತ್ತದೆ. ಅಲ್ಲಿ ಅವಳು ನೋಡುವುದು ಒಂದು ಹೆಣ್ಣಿನ ಮೇಲಿನ ದೌರ್ಜನ್ಯ. ಅದರ ಕೆಳಗೆ ಅವಳು ಓದುವುದು ತನಗೆ ಗೊತ್ತಿರುವ ಮಾಮ, ಚಿಕ್ಕಪ್ಪಂದಿರ ನಗುವಿನ ಇಮೋಜಿಗಳು. ತನಗೆ ನಾಳೆ ಏನಾದರೂ ಆದರೆ ಊರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಆ ಮಗು ಅಂದೇ ಕಲಿತುಬಿಡುತ್ತದೆ. ಮುಂದೆ ಅವಳು ದೂರು ಕೊಡಲು ಹೆದರಿದರೆ ಆ ಹೆದರಿಕೆಯನ್ನು ನೆಟ್ಟವರು ನಾವು.

ಗುರುತು ಯಾರ ಸ್ವತ್ತು?

ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಯಲು ಮಾಡುವುದು ನಮ್ಮ ದೇಶದಲ್ಲಿ 1983ರಿಂದಲೇ ಅಪರಾಧ. ಆ ವರ್ಷ ಭಾರತೀಯ ದಂಡಸಂಹಿತೆಗೆ 228ಎ ಕಲಂ ಸೇರಿತು. ಎರಡು ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 72ನೇ ಕಲಂ. ಹೆಸರು ಹೇಳದಿದ್ದರೆ ಸಾಕು ಎಂದು ಕೆಲವರು ತಿಳಿದಿದ್ದಾರೆ. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 11ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಆ ಅನುಮಾನಕ್ಕೆ ಜಾಗ ಉಳಿಸಲಿಲ್ಲ: ಅವರು ಯಾರೆಂದು ಊಹಿಸಲು ದಾರಿಯಾಗುವ ಯಾವ ವಿವರವನ್ನೂ, ದೂರದ ಸುಳಿವನ್ನೂ, ಹೊರಹಾಕುವಂತಿಲ್ಲ. ‘ಇಂಥ ಊರಿನ, ಇಂಥವರ ಸೊಸೆ’ ಎಂಬ ಗುಸುಗುಸು ಗುಂಪಿನ ಸಂದೇಶವಾದ ಕ್ಷಣವೇ ಅದು ಈ ವ್ಯಾಪ್ತಿಗೆ ಬರಬಹುದು.

ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ತನ್ನ ಹೆಸರು ಕೊಟ್ಟ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಒಬ್ಬರ ಗುರುತು ಅವರದೇ ಸ್ವತ್ತು, ಎಷ್ಟು ತೋರಬೇಕು, ಯಾರಿಗೆ ತೋರಬೇಕು ಎಂಬುದು ಅವರ ತೀರ್ಮಾನ ಎನ್ನುವ ವಿಚಾರವನ್ನು ದೇಶದ ಕಾನೂನಿನೊಳಗೆ ತರಲು ಬಾಗಿಲು ತಟ್ಟಿದವರು ಒಬ್ಬ ಕನ್ನಡಿಗರು. ಅದೇ ನಾಡಿನ ಒಂದು ಜಿಲ್ಲೆಯಲ್ಲಿ ಏಳೇ ವರ್ಷದಲ್ಲಿ ಆ ಹಕ್ಕು ಪೆನ್‌ಡ್ರೈವ್‌ನಲ್ಲಿ ಹಂಚಿಹೋಯಿತು.

2024ರ ಏಪ್ರಿಲ್ ಕೊನೆಯಲ್ಲಿ ರಾಜ್ಯ ಸರ್ಕಾರ ಹಿರಿಯ ಪೊಲೀಸ್ ಅಧಿಕಾರಿ ಬಿ.ಕೆ. ಸಿಂಗ್ ನೇತೃತ್ವದ ವಿಶೇಷ ತನಿಖಾ ತಂಡ ರಚಿಸಿತು. ಸಂತ್ರಸ್ತರಿಗೆಂದು ಸಹಾಯವಾಣಿ ತೆರೆಯಿತು. ವಿಡಿಯೊ ಹಂಚುವುದೂ ಶಿಕ್ಷಾರ್ಹ ಎಂದು ತಂಡ ಬಹಿರಂಗವಾಗಿಯೇ ಎಚ್ಚರಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಪ್ರಕಾರ ಲೈಂಗಿಕ ದೃಶ್ಯವನ್ನು ಹೀಗೆ ರವಾನಿಸಿದರೆ ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಹಂಚಿದ ಆರೋಪದ ಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಹಾಸನದ ಸಿಇಎನ್ ಠಾಣೆಯಲ್ಲಿ ಪ್ರಕರಣವೂ ದಾಖಲಾಯಿತು. ಮೇ 30ರಂದು ನಾಡಿನ ಮೂಲೆಮೂಲೆಯಿಂದ ಬಂದ ಮಹಿಳಾ ಸಂಘಟನೆಗಳು, ಪ್ರಗತಿಪರರು ‘ಹಾಸನ ಚಲೋ’ ನಡೆಸಿದರು. ಬೇರೆ ಊರಿನವರು ಬಂದು ‘ನಾವು ನಿಮ್ಮ ಜೊತೆಗಿದ್ದೇವೆ’ ಎಂದು ಆ ಹೆಣ್ಣುಮಕ್ಕಳಿಗೆ ಹೇಳಬೇಕಾಯಿತು. ಮರುದಿನ ಬೆಳಗಿನ ಜಾವ, ಜರ್ಮನಿಯಿಂದ ವಾಪಸಾದ ಪ್ರಜ್ವಲ್ ಅವರನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು.

2025ರ ಆಗಸ್ಟ್ 1ರಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅವರನ್ನು ಅಪರಾಧಿ ಎಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಅವರು ಹೈಕೋರ್ಟ್ ಮೆಟ್ಟಿಲೇರಿದ್ದಾರೆ. ದೂರು ಕೊಟ್ಟವರು ಮನೆಗೆಲಸ ಮಾಡಿಕೊಂಡಿದ್ದ ಒಬ್ಬ ಮಹಿಳೆ. ಅಷ್ಟು ದೊಡ್ಡ ರಾಜಕೀಯ ಮನೆತನದ ಎದುರು, ಅಷ್ಟು ದೊಡ್ಡ ಗದ್ದಲದ ನಡುವೆ, ಅವರು ತಮ್ಮ ಮಾತಿನ ಮೇಲೆ ನಿಂತರು. ಅಪರಾಧಗಳ ಪಟ್ಟಿಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ, ಅಂದರೆ ಒಪ್ಪಿಗೆಯಿಲ್ಲದೆ ಖಾಸಗಿ ದೃಶ್ಯ ಸೆರೆಹಿಡಿದದ್ದೂ ಇತ್ತು. ಆ ಕಲಂ ಸೆರೆಹಿಡಿಯುವುದನ್ನಷ್ಟೇ ಅಲ್ಲ, ರವಾನಿಸುವುದನ್ನೂ ಅದೇ ಸಾಲಿನಲ್ಲಿಟ್ಟು ನೋಡುತ್ತದೆ. ಫಾರ್ವರ್ಡ್ ಮಾಡಿದ ಪ್ರತಿಯೊಬ್ಬರೂ ಇದನ್ನು ಒಮ್ಮೆ ಓದಬೇಕು.

ಈ ತೀರ್ಪಿಗೂ ಮೊದಲು ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ಇನ್ನೊಂದು ವಿಚಾರಣೆ ನಡೆದಿತ್ತು. ಗಂಡನೇ ವರ್ಷಗಟ್ಟಲೆ ಮತ್ತು ಬರಿಸಿ ಪರಗಂಡಸರಿಂದ ಅತ್ಯಾಚಾರ ಮಾಡಿಸಿದ್ದ ಜಿಸೆಲ್ ಪೆಲಿಕೊ ಎಂಬ ಮಹಿಳೆಯ ಪ್ರಕರಣ. ಆ ಗಂಡಸರು ಸಿಕ್ಕಿದ್ದು ಒಂದು ಚಾಟ್ ಜಾಲತಾಣದ ಗುಂಪಿನಲ್ಲಿ. ಅವರಲ್ಲಿ ಹೆಚ್ಚಿನವರು ಸುತ್ತಮುತ್ತಲ ಊರುಗಳಲ್ಲಿ ಕೆಲಸ, ಸಂಸಾರ ನಡೆಸಿಕೊಂಡಿದ್ದ ಸಾಮಾನ್ಯರು. 2024ರ ಡಿಸೆಂಬರ್ 19ರಂದು ಗಂಡನೂ ಸೇರಿ 51 ಮಂದಿಯೂ ಅಪರಾಧಿಗಳೆಂದು ತೀರ್ಪಾಯಿತು. ಪೆಲಿಕೊ ಗುರುತು ಮುಚ್ಚಿಡುವ ಹಕ್ಕನ್ನು ತಾವಾಗಿಯೇ ಬಿಟ್ಟುಕೊಟ್ಟು, ಬಾಗಿಲು ತೆರೆದ ನ್ಯಾಯಾಲಯದಲ್ಲಿ ತಲೆಯೆತ್ತಿ ಕೂತರು. ನಾಚಬೇಕಾದವರು ಆ ಕಡೆಯವರು, ನಾನಲ್ಲ ಎಂಬುದು ಅವರ ನಿಲುವು. ಜಗತ್ತು ಅವರಿಗೆ ಎದ್ದು ನಿಂತು ಗೌರವ ಕೊಟ್ಟಿತು. ಮುಖ ತೋರುವುದನ್ನು ಅವರು ಆರಿಸಿಕೊಂಡರು. ಹಾಸನದ ಹೆಣ್ಣುಮಕ್ಕಳಿಗೆ ಆರಿಸಿಕೊಳ್ಳುವ ಅವಕಾಶವನ್ನೇ ನಾವು ಕೊಡಲಿಲ್ಲ. ‘ಮಾನ ಹೋಯಿತು’ ಎಂದು ಊರು ಮಾತಾಡಿಕೊಂಡಿತು. ಹೋದದ್ದು ಯಾರ ಮಾನ ಎಂದು ಊರು ಸರಿಯಾಗಿ ಲೆಕ್ಕ ಹಾಕಲಿಲ್ಲ.

ಆನೆ ಬಂದಾಗ ಇದೇ ಗುಂಪು

ನಮ್ಮ ಜನ ಗುಂಪಿನಲ್ಲಿ ಒಳ್ಳೆಯದಾಗಿ ನಡೆದುಕೊಳ್ಳಲು ಬರದವರೇನಲ್ಲ. ಗಂಡಸಿಯಿಂದ ಪಶ್ಚಿಮಕ್ಕೆ ಹೋಗಿ. ಬೇಲೂರು, ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡಾನೆ ದಿನನಿತ್ಯದ ಸಂಗತಿ. ಅಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ ಅರಣ್ಯ ಇಲಾಖೆಯ ಎಸ್ಸೆಮ್ಮೆಸ್, ಫೋನ್ ಕರೆ, ರಸ್ತೆಬದಿಯ ಎಲ್‌ಇಡಿ ಫಲಕ, ಊರಿನ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ತೋಟದಿಂದ ತೋಟಕ್ಕೆ ಹೋಗುತ್ತದೆ. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಹಾಕಿ ಹಿಂಡಿನ ಜಾಡು ಹಿಡಿಯುತ್ತಾರೆ. ‘ಭೀಮ’ನಂಥ ಸಲಗಗಳನ್ನು ಜನ ಹೆಸರಿನಿಂದಲೇ ಬಲ್ಲರು.

ಬೆಳಗಿನ ಜಾವ ಆರಕ್ಕೆ ಕಣ್ಣುಜ್ಜಿಕೊಂಡು ಒಬ್ಬರು ಹಾಕುವ ಸಂದೇಶ ನೋಡಿ: ಇಂಥ ತೋಟದ ಕೆರೆ ಏರಿಯ ಹತ್ತಿರ ಒಂಟಿ ಸಲಗ ಇದೆ, ಕೆಲಸಕ್ಕೆ ಹೋಗುವವರು ಆ ದಾರಿ ಬಿಡಿ. ತೋಟದ ಧಣಿಯೂ, ಹಣ್ಣು ಬಿಡಿಸಲು ಬರುವ ಕೂಲಿಯವರೂ, ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರೂ, ಶಾಲೆಗೆ ಹೊರಟ ಮಕ್ಕಳ ತಾಯಂದಿರೂ ಅದನ್ನು ನೆಚ್ಚಿಕೊಂಡು ಹೆಜ್ಜೆ ಇಡುತ್ತಾರೆ. ಅಲ್ಲಿ ಯಾವ ಜಾತಿ, ಯಾವ ಪಕ್ಷ ಎಂದು ಯಾರೂ ಕೇಳುವುದಿಲ್ಲ. ಸುಳ್ಳು ಸುದ್ದಿ ಹಾಕಿದವನನ್ನು ಗುಂಪು ಸುಮ್ಮನೆ ಬಿಡುವುದೂ ಇಲ್ಲ, ಏಕೆಂದರೆ ಅದರ ಮೇಲೆ ಒಬ್ಬರ ಜೀವ ನಿಂತಿದೆ ಎಂಬುದು ಎಲ್ಲರಿಗೂ ಗೊತ್ತು.

ಆ ಗುಂಪಿಗೂ ಈ ಗುಂಪಿಗೂ ವ್ಯತ್ಯಾಸ ಒಂದೇ. ಸಂದೇಶದ ಇನ್ನೊಂದು ತುದಿಯಲ್ಲಿ ಒಂದು ಜೀವವಿದೆ ಎಂಬುದು ಅಲ್ಲಿ ಯಾರಿಗೂ ಮರೆತುಹೋಗುವುದಿಲ್ಲ. ಒಂದು ಹೆಣ್ಣಿನ ವಿಡಿಯೊ ಬಂದಾಗಲೂ ಇನ್ನೊಂದು ತುದಿಯಲ್ಲಿ ಜೀವವಿತ್ತು. ಎಲ್ಲೋ ಹತ್ತಿರದಲ್ಲೇ, ಬಾಗಿಲು ಹಾಕಿಕೊಂಡು.

ಗುಂಪಿಗೊಂದು ಕಟ್ಟುಪಾಡು

ಮಾಡಬಹುದಾದದ್ದು ಬಹಳಷ್ಟಿದೆ, ಹೆಚ್ಚಿನದಕ್ಕೆ ಯಾರ ಅಪ್ಪಣೆಯೂ ಬೇಡ. ಮೊದಲನೆಯದು, ಫೋನಿನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ಇಂದೇ ನಿಲ್ಲಿಸುವುದು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬಲ್ಲಿ ಅದು ಸಿಗುತ್ತದೆ, ಎರಡು ನಿಮಿಷದ ಕೆಲಸ. ಎರಡನೆಯದು ಅಡ್ಮಿನ್‌ಗಳಿಗೆ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಕಾನೂನಿನ ಭಯ ಕಡಿಮೆಯಾಯಿತೆಂದು ಕೈಕಟ್ಟಿ ಕೂರಬೇಕಿಲ್ಲ. ಯಾರು ಹಾಕಿದ ಸಂದೇಶವನ್ನಾದರೂ ಗುಂಪಿನಲ್ಲಿ ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಅದನ್ನು ಬಳಸಲು ಬೇಕಾದದ್ದು ಒಂದಿಷ್ಟು ದಾಕ್ಷಿಣ್ಯ ಬಿಡುವ ಮನಸ್ಸು.

ತಮ್ಮ ದೃಶ್ಯವೇ ಹರಿದಾಡುತ್ತಿದೆ ಎಂದು ಗೊತ್ತಾದವರು ಒಂಟಿಯಾಗಿ ನವೆಯಬೇಕಿಲ್ಲ. ಜಿಲ್ಲೆಗೊಂದು ಸಿಇಎನ್ ಠಾಣೆ ಇದೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರಿಗೆ ಹೆಸರು ಹೇಳದೆಯೂ ದೂರು ಕೊಡುವ ದಾರಿ ಇದೆ, ಮಹಿಳಾ ಸಹಾಯವಾಣಿ 181 ಇದೆ. ಸಂಬಂಧಪಟ್ಟವರು ದೂರಿದರೆ ಕೆಲವೇ ಗಂಟೆಗಳೊಳಗೆ ಅಂಥ ಚಿತ್ರ ತೆಗೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮಗಳು ಜಾಲತಾಣಗಳಿಗೆ ಕಟ್ಟುನಿಟ್ಟು ಮಾಡಿವೆ. 2021ರಲ್ಲೇ ಆರಂಭವಾದ ‘ಸ್ಟಾಪ್ ಎನ್‌ಸಿಐಐ’ ಎಂಬ ಸೇವೆಯೂ ಇದೆ. ಚಿತ್ರ ನಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಬೆರಳಚ್ಚು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಕಂಪನಿಗಳಿಗೆ ಹೋಗಿ, ಅದೇ ಚಿತ್ರ ಮತ್ತೆ ಅಲ್ಲಿ ಏರದಂತೆ ತಡೆಯಲು ನೆರವಾಗುತ್ತದೆ. ಆದರೆ ವಾಟ್ಸ್‌ಆ್ಯಪ್ ಗುಂಪುಗಳ ಒಳಗೆ ಹರಿಯುವುದನ್ನು ಅದು ತಡೆಯಲಾರದು. ಅಲ್ಲಿ ತಡೆಯಬಲ್ಲ ಶಕ್ತಿ ಗುಂಪಿನಲ್ಲಿರುವ ಮನುಷ್ಯರಿಗಷ್ಟೇ ಇದೆ.

ಎಲ್ಲರ ಗುರುತೂ ಎಲ್ಲರಿಗೂ ಗೊತ್ತಿರುವುದು ಹಳ್ಳಿಯ ಗುಂಪಿನ ದೌರ್ಬಲ್ಯ ಎಂದುಕೊಂಡರೆ ತಪ್ಪು. ಅದೇ ಅದರ ಬಲ. ಎಲ್ಲಿಯವರೋ ಏನೋ ಎಂಬಂಥ ಜಾಲದಲ್ಲಿ ‘ಇದು ತಪ್ಪು’ ಎಂದರೆ ಕೇಳುವವರಿಲ್ಲ. ಗಂಡಸಿಯ ಗುಂಪಿನಲ್ಲಿ ಮೇಷ್ಟ್ರು ಒಬ್ಬರು, ಡೇರಿ ಕಾರ್ಯದರ್ಶಿ ಒಬ್ಬರು, ಆಶಾ ಕಾರ್ಯಕರ್ತೆ ಒಬ್ಬರು, ತೆಂಗಿನಕಾಯಿ ವ್ಯಾಪಾರಿ ಒಬ್ಬರು ‘ಇದನ್ನು ಅಳಿಸಪ್ಪಾ, ಇಲ್ಲಿ ಹಾಕಬೇಡ’ ಎಂದು ಒಂದು ಸಾಲು ಬರೆದರೆ ಅದಕ್ಕೆ ತೂಕವಿದೆ, ಏಕೆಂದರೆ ನಾಳೆ ಬೆಳಿಗ್ಗೆ ಹ್ಯಾಂಡ್‌ಪೋಸ್ಟ್‌ನಲ್ಲಿ ಅವನು ಅವರ ಎದುರು ನಿಲ್ಲಬೇಕು. ಆ ಒಂದು ಸಾಲು ಬಂದರೆ ಎರಡನೆಯವರಿಗೆ ಧೈರ್ಯ ಬರುತ್ತದೆ, ಮೂರನೆಯವರು ಹೂಂಗುಟ್ಟುತ್ತಾರೆ. ಅದನ್ನು ಓದುತ್ತಿರುವ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ, ಈ ಊರು ನಮ್ಮ ಪರ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ. ಮೌನವಾಗಿ ಅಳಿಸಿದರೆ ನಮ್ಮ ಫೋನು ಶುದ್ಧವಾಗುತ್ತದೆ, ಅಷ್ಟೇ. ಬಾಯಿಬಿಟ್ಟು ಬೇಡ ಎಂದರೆ ಊರಿನ ನಡವಳಿಕೆ ಬದಲಾಗುತ್ತದೆ.

ದೇವಸ್ಥಾನಕ್ಕೆ, ಕೆರೆಗೆ, ಸಂತೆಗೆ ನಮ್ಮ ಹಿರಿಯರು ಕಟ್ಟುಪಾಡು ಮಾಡಿಕೊಂಡಿದ್ದರು. ಗುಂಪಿಗೂ ಒಂದು ಬೇಕು: ಯಾವ ಹೆಣ್ಣಿನ ಮುಖವೂ ಅವಳ ಒಪ್ಪಿಗೆಯಿಲ್ಲದೆ ಇಲ್ಲಿಂದ ದಾಟುವುದಿಲ್ಲ. ಗುಂಪಿನ ವಿವರಣೆಯ ಜಾಗದಲ್ಲಿ ಇದನ್ನು ಬರೆದಿಡಲಿ, ಮುರಿದವರನ್ನು ಹೊರಗಿಡಲಿ. ಮುಂದಿನ ಚುನಾವಣೆ ಬರುತ್ತದೆ, ಮುಂದಿನ ಪೆನ್‌ಡ್ರೈವೂ ಬರಬಹುದು. ಈಗ ಒಬ್ಬರ ಮುಖವನ್ನು ಇನ್ನೊಬ್ಬರ ದೇಹಕ್ಕೆ ಅಂಟಿಸುವ ತಂತ್ರವೂ ಅಂಗೈಯಲ್ಲಿರುವುದರಿಂದ ಯಾರ ಮಗಳದ್ದಾದರೂ ಬರಬಹುದು. ಅಂದು ಗುಂಪಿನಲ್ಲಿ ಮೊದಲ ಸಾಲು ಬರೆಯುವವರು ಯಾರು ಎಂಬುದನ್ನು ಪ್ರತಿ ಊರೂ ಈಗಲೇ ತೀರ್ಮಾನಿಸಿಕೊಂಡಿರಬೇಕು.